ಕೋವಿಡ್ ವಾರ್ಡು ಮುಚ್ಚಿ ವರ್ಷಗಳಾದರೂ ಪತ್ನಿಗೆ ನೆಮ್ಮದಿಯಿಲ್ಲ: ಇದು ದಣಿವೇ, ಕಾಯಿಲೆಯೇ?

ಪ್ರಶ್ನೆ: ನನ್ನ ಪತ್ನಿಗೆ 36 ವರ್ಷ. ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. 2021ರ ಎರಡನೇ ಅಲೆಯ ಸಮಯದಲ್ಲಿ ಕೋವಿಡ್ ಐಸಿಯುನಲ್ಲಿ ಡ್ಯೂಟಿ ಮಾಡಿದ್ದಳು. ಆಗ ಧೈರ್ಯವಾಗಿಯೇ ಇದ್ದವಳು ಕೆಲವು ತಿಂಗಳ ನಂತರ ನಿದ್ರೆ ಕಳೆದುಕೊಂಡಳು. ಈಗ ಮಾನಿಟರಿನಂಥ ಶಬ್ದ ಕೇಳಿದರೆ ಬೆಚ್ಚುತ್ತಾಳೆ. ಮುಂಬೈಯಲ್ಲಿರುವ ಅಣ್ಣ ವಿಡಿಯೋ ಕರೆ ಮಾಡಿದರೆ ಎದ್ದು ಒಳಗೆ ಹೋಗುತ್ತಾಳೆ. ಮದುವೆ, ಪೂಜೆ ಯಾವುದಕ್ಕೂ ಬರುವುದಿಲ್ಲ. ಪ್ರತಿ ವರ್ಷ ಏಪ್ರಿಲ್–ಮೇ ತಿಂಗಳಲ್ಲಿ ಇದೆಲ್ಲ ಹೆಚ್ಚಾಗುತ್ತದೆ. ಕೇರಳದಿಂದ ನಿಪಾ ಸುದ್ದಿ ಬಂದಾಗಲೆಲ್ಲ ಕೆಲಸ ಬಿಡುವ ಮಾತಾಡುತ್ತಾಳೆ. ಮನೋವೈದ್ಯರ ಬಳಿ ಹೋದರೆ ನರ್ಸಿಂಗ್ ನೋಂದಣಿಗೆ ತೊಂದರೆಯಾಗುತ್ತದೆ ಎಂಬ ಭಯ ಅವಳಿಗೆ. ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿ ನೋಡೋಣ ಎನ್ನುತ್ತಾರೆ ಅಮ್ಮ. ಆಸ್ಪತ್ರೆಯವರು ಎಲ್ಲರೂ ಕಡ್ಡಾಯವಾಗಿ ಕೌನ್ಸೆಲಿಂಗ್ ಸಭೆಗೆ ಬರಬೇಕು ಎಂದಿದ್ದಾರೆ. ನಾವು ಏನು ಮಾಡಬೇಕು?
— ಉಡುಪಿ ಜಿಲ್ಲೆಯ ಓದುಗರು

ಉತ್ತರ: ಪತ್ರ ಓದಿ ರೋಗ ಇಂಥದ್ದೇ ಎಂದು ತೀರ್ಮಾನಿಸುವುದು ಸರಿಯಲ್ಲ. ಆದರೂ ನೀವು ವಿವರಿಸಿದ ಲಕ್ಷಣಗಳು ಬರೀ ದಣಿವಿನವಲ್ಲ ಎಂದು ಹೇಳಬಲ್ಲೆ. ದಣಿವು ರಜೆಯಿಂದ ಇಳಿಯುತ್ತದೆ. ಶಬ್ದಕ್ಕೆ ಬೆಚ್ಚುವುದು, ಒಂದು ಬಗೆಯ ಕರೆಯಿಂದ ತಪ್ಪಿಸಿಕೊಳ್ಳುವುದು, ಜನರಿಂದ ದೂರ ಸರಿಯುವುದು, ನಿದ್ರೆ ಕೆಡುವುದು, ಇವೆಲ್ಲ ಒಟ್ಟಿಗೆ ಕಾಣಿಸಿಕೊಂಡು ವರ್ಷಗಟ್ಟಲೆ ಉಳಿದಿವೆ ಎಂದಾದರೆ, ಮನೋವೈದ್ಯರು ಮೊದಲು ಪರಿಶೀಲಿಸುವುದು ಆಘಾತೋತ್ತರ ಒತ್ತಡದ ಕಾಯಿಲೆಯನ್ನು, ಅಂದರೆ ವೈದ್ಯರು ಪಿಟಿಎಸ್‌ಡಿ ಎಂದು ಕರೆಯುವುದನ್ನು. ಇದರ ಜೊತೆ ಖಿನ್ನತೆಯೂ ಸೇರಿರುವುದು ಸಾಮಾನ್ಯ. ಎರಡಕ್ಕೂ ಚಿಕಿತ್ಸೆ ಇದೆ, ಇಷ್ಟು ತಡವಾಗಿ ಆರಂಭಿಸಿದರೂ ಅದು ಫಲ ಕೊಡುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು ಏಪ್ರಿಲ್–ಮೇ ತಿಂಗಳ ಮಾತು. ಎರಡನೇ ಅಲೆ ನಮ್ಮ ಜಿಲ್ಲೆಗಳನ್ನು ಹಿಡಿದದ್ದು ಇದೇ ತಿಂಗಳುಗಳಲ್ಲಿ. ಬಹರೈನ್‌ನಿಂದ ದ್ರವ ಆಮ್ಲಜನಕ ಹೊತ್ತ ನೌಕಾಪಡೆಯ ಐಎನ್‌ಎಸ್ ತಲ್ವಾರ್ ಹಡಗು ನವಮಂಗಳೂರು ಬಂದರಿಗೆ ಬಂದದ್ದು 2021ರ ಮೇ 5ರಂದು. ಆಮ್ಲಜನಕ ಹಡಗಿನಲ್ಲಿ ಬರಬೇಕಾದ ದಿನಗಳಲ್ಲಿ ಐಸಿಯುನಲ್ಲಿ ನಿಂತಿದ್ದವರ ಕಣ್ಣು ರೋಗಿಯ ಮೇಲೆಷ್ಟು ಇತ್ತೋ ಆಮ್ಲಜನಕದ ಒತ್ತಡ ತೋರಿಸುವ ಮುಳ್ಳಿನ ಮೇಲೂ ಅಷ್ಟೇ ಇತ್ತು. ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ಪಿಪಿಇ ಕಿಟ್ ತೊಟ್ಟು, ನೀರು ಕುಡಿಯದೆ, ಶೌಚಕ್ಕೂ ಹೋಗದೆ ಕಳೆದ ಆ ಶಿಫ್ಟುಗಳನ್ನು ದೇಹ ತನ್ನದೇ ರೀತಿಯಲ್ಲಿ ನೆನಪಿಟ್ಟುಕೊಂಡಿರುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಬೆನ್ನಿನ ಮೇಲೆ ಬೆವರಿಳಿದಾಗ, ಮನಸ್ಸಿಗೆ ಕಾರಣ ಹೊಳೆಯುವ ಮೊದಲೇ ಎದೆ ಹೊಡೆದುಕೊಳ್ಳಲು ಶುರುವಾಗಬಹುದು. ಆಘಾತ ನಡೆದ ಋತು ಮರಳಿದಾಗ ಲಕ್ಷಣಗಳು ಕೆರಳುವುದನ್ನು ವೈದ್ಯರು ಬಹಳ ಹಿಂದಿನಿಂದಲೂ ಗುರುತಿಸಿದ್ದಾರೆ. ಮನೆಯವರು ಇದನ್ನು ಸೆಕೆಯ ಸಿಡುಕು ಎಂದೋ, ಮಕ್ಕಳ ರಜೆಯ ಗಲಾಟೆ ಎಂದೋ ಅಂದುಕೊಳ್ಳುವುದು ಸಹಜ.

ವಿಡಿಯೋ ಕರೆಯ ವಿಷಯವೂ ಹಾಗೆಯೇ. ಆಗ ವಾರ್ಡಿನೊಳಗೆ ಮನೆಯವರಿಗೆ ಪ್ರವೇಶವಿರಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಒಬ್ಬ ಮಗ ಮುಂಬೈಯಲ್ಲಿ, ಒಬ್ಬ ದುಬೈಯಲ್ಲಿ ಇರುವುದು ಮಾಮೂಲು. ಅನೇಕ ಕಡೆ ಕೈಗವಸು ಹಾಕಿದ ನರ್ಸ್ ಮೊಬೈಲ್ ಹಿಡಿದು, ದೂರದಲ್ಲಿರುವ ಮಕ್ಕಳಿಗೆ ತಂದೆಯ ಮುಖ ತೋರಿಸುವ ಕೆಲಸವನ್ನೂ ಮಾಡಿದರು. ಆ ಕೆಲಸ ನಿಮ್ಮ ಪತ್ನಿಯ ಪಾಲಿಗೂ ಬಂದಿತ್ತೇ ಎಂದು ನನಗೆ ಗೊತ್ತಿಲ್ಲ. ಬಂದಿದ್ದರೆ, ಅವರು ಎದ್ದು ಹೋಗುವುದು ನಿಮ್ಮ ಅಣ್ಣನ ಮೇಲಿನ ಬೇಸರದಿಂದಲ್ಲ. ಅಣ್ಣ–ಅತ್ತಿಗೆಯವರಿಗೆ ಇದನ್ನು ಒಂದು ಮಾತು ತಿಳಿಸಿ, ಕೆಲವು ಕಾಲ ಮಾಮೂಲಿ ಕರೆಯನ್ನಷ್ಟೇ ಮಾಡಲು ಹೇಳಿ. ಆದರೆ ಕಾರಣವನ್ನು ನೀವಾಗಿ ಕೆದಕಿ ಕೇಳಬೇಡಿ.

“ಆಗ ಧೈರ್ಯವಾಗಿದ್ದವಳು ಈಗೇಕೆ ಹೀಗೆ” ಎಂಬುದು ನಿಮ್ಮನ್ನು ಕಾಡುತ್ತಿರುವಂತಿದೆ. ತುರ್ತಿನ ಮಧ್ಯೆ ಇರುವಾಗ ಮನಸ್ಸು ಭಾವನೆಗಳನ್ನು ಬದಿಗಿಟ್ಟು ಕೈಗೆಲಸ ನಡೆಸಿಕೊಡುತ್ತದೆ. ಹಾಗಾಗದಿದ್ದರೆ ಐಸಿಯು ನಡೆಯುವುದೇ ಇಲ್ಲ. ಒತ್ತಡ ಇಳಿದ ಮೇಲೆ, ಕೆಲವರಲ್ಲಿ ಆರು ತಿಂಗಳು ಕಳೆದ ನಂತರ ಕಾಯಿಲೆಯ ಪೂರ್ಣ ರೂಪ ಹೊರಬೀಳುತ್ತದೆ. ಇದಕ್ಕೆ ಕೋವಿಡ್‌ಗಿಂತ ಹಿಂದಿನ ಸಾಕ್ಷ್ಯವೂ ಇದೆ. 2003ರಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕು ಹರಡಿದಾಗ ದುಡಿದ ಆಸ್ಪತ್ರೆ ಸಿಬ್ಬಂದಿಯನ್ನು 13ರಿಂದ 26 ತಿಂಗಳ ನಂತರ ಪರಿಶೀಲಿಸಿ, ಸಾರ್ಸ್ ರೋಗಿಗಳು ಬಾರದಿದ್ದ ಹ್ಯಾಮಿಲ್ಟನ್ ನಗರದ ಸಿಬ್ಬಂದಿಯೊಂದಿಗೆ ಹೋಲಿಸಲಾಯಿತು. ಟೊರೊಂಟೊದವರಲ್ಲಿ ಬಳಲಿಕೆ, ಮಾನಸಿಕ ಯಾತನೆ, ಆಘಾತದ ಲಕ್ಷಣಗಳು ಸ್ಪಷ್ಟವಾಗಿ ಹೆಚ್ಚಿದ್ದವು. ರೋಗಿಗಳೊಂದಿಗೆ ನೇರ ಸಂಪರ್ಕ ಕಡಿಮೆ ಮಾಡಿಕೊಂಡವರು, ಕೆಲಸದ ಗಂಟೆ ಇಳಿಸಿಕೊಂಡವರೂ ಅವರಲ್ಲಿ ಹೆಚ್ಚು. ತಮಗೆ ಸರಿಯಾದ ತರಬೇತಿ ಸಿಕ್ಕಿತ್ತು, ಮೇಲಿನವರು ಬೆನ್ನಿಗಿದ್ದರು ಎಂದು ಭಾವಿಸಿದವರಿಗೆ ಪೆಟ್ಟು ಕಡಿಮೆ ಬಿದ್ದಿತ್ತು. ಈ ಕೊನೆಯ ಅಂಶವನ್ನು ಆಸ್ಪತ್ರೆ ನಡೆಸುವವರು ಓದಬೇಕು ಎಂಬುದು ನನ್ನ ಆಸೆ.

ಕೋವಿಡ್ ಕಾಲದ ಅಂಕಿಅಂಶಗಳನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. 2020ರ ಆರಂಭದಲ್ಲಿ ಚೀನಾದ 34 ಆಸ್ಪತ್ರೆಗಳ 1,257 ಸಿಬ್ಬಂದಿಯ ಅಧ್ಯಯನದಲ್ಲಿ ಶೇ. 50.4ರಷ್ಟು ಜನರಲ್ಲಿ ಖಿನ್ನತೆಯ, ಶೇ. 44.6ರಷ್ಟು ಜನರಲ್ಲಿ ಆತಂಕದ, ಶೇ. 34ರಷ್ಟು ಜನರಲ್ಲಿ ನಿದ್ರಾಹೀನತೆಯ ಲಕ್ಷಣಗಳು ಕಂಡವು. ಇವು ಪ್ರಶ್ನಾವಳಿ ತುಂಬಿಸಿ ಪಡೆದ ಲಕ್ಷಣಗಳ ಲೆಕ್ಕ, ಸೌಮ್ಯ ಲಕ್ಷಣವಿದ್ದವರೂ ಇದರಲ್ಲಿ ಸೇರಿದ್ದಾರೆ. ಅರ್ಧ ಸಿಬ್ಬಂದಿಗೆ ಖಿನ್ನತೆಯ ಕಾಯಿಲೆ ಇತ್ತು ಎಂದು ಇದರಿಂದ ಹೇಳಲಾಗದು. ಆದರೂ ಒಂದು ಅಂಶ ಗಟ್ಟಿಯಾಗಿದೆ: ಲಕ್ಷಣಗಳು ತೀವ್ರವಾಗಿದ್ದದ್ದು ನರ್ಸ್‌ಗಳಲ್ಲಿ, ಮಹಿಳೆಯರಲ್ಲಿ ಮತ್ತು ರೋಗಿಯ ಪಕ್ಕದಲ್ಲೇ ನಿಂತು ದುಡಿದವರಲ್ಲಿ. ನಿಮ್ಮ ಪತ್ನಿ ಈ ಮೂರೂ ಗುಂಪಿಗೆ ಸೇರುತ್ತಾರೆ.

ಇನ್ನು, ಪಿಟಿಎಸ್‌ಡಿ ಎಂಬ ಹೆಸರಿನೊಳಗೆ ಪೂರ್ತಿ ಹಿಡಿಸದ ಒಂದು ನೋವಿದೆ. ಹಾಸಿಗೆ ಒಂದೇ ಇದ್ದು ಕಾಯುವವರು ಹಲವರಿದ್ದಾಗ, ಕೊನೆಯುಸಿರೆಳೆಯುವವರ ಕೈಯನ್ನು ಮನೆಯವರು ಹಿಡಿಯಲು ನಿಯಮ ಬಿಡದಿದ್ದಾಗ, ಶವವನ್ನು ಚೀಲದಲ್ಲಿ ಸುತ್ತಿ ಕಳಿಸುವಾಗ, ತಾನು ಕಲಿತು ನಂಬಿದ ಕೆಲಸದ ರೀತಿಗೆ ತಾನೇ ದ್ರೋಹ ಬಗೆದಂತೆ ಅನಿಸುವುದುಂಟು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ಅಮೆರಿಕದ ಮನೋವೈದ್ಯ ಜೊನಾಥನ್ ಶೇ ಇಂಥ ನೋವನ್ನು ನೈತಿಕ ಗಾಯ ಎಂದು ಕರೆದರು. ಕೋವಿಡ್ ಬಂದ ಮೇಲೆ ಈ ಮಾತು ಆಸ್ಪತ್ರೆಗಳಿಗೂ ಬಂತು. ಇದು ರೋಗಗಳ ಪಟ್ಟಿಯಲ್ಲಿರುವ ಕಾಯಿಲೆಯಲ್ಲ, ಮಾತ್ರೆಯಿಂದ ಮಾತ್ರ ಇಳಿಯುವಂಥದ್ದೂ ಅಲ್ಲ. “ನಾನು ಆ ದಿನ ಇನ್ನೊಮ್ಮೆ ಹೋಗಿ ನೋಡಬೇಕಿತ್ತು” ಎಂಬಂಥ ಮಾತು ಅವರ ಬಾಯಲ್ಲಿ ಬಂದರೆ, “ನಿನ್ನ ತಪ್ಪೇನೂ ಇಲ್ಲ” ಎಂದು ಥಟ್ಟನೆ ಮುಚ್ಚಿಹಾಕಬೇಡಿ. ಒಳ್ಳೆಯ ಮನಸ್ಸಿನಿಂದ ಹೇಳಿದರೂ ಅದು ಕೇಳಿಸಿಕೊಳ್ಳಲು ಮನಸ್ಸಿಲ್ಲದವರ ಮಾತಿನಂತೆ ಕೇಳುತ್ತದೆ. ಅಂದು ಅದೇ ವಾರ್ಡಿನಲ್ಲಿದ್ದ ಸಹೋದ್ಯೋಗಿಯೊಬ್ಬರ ಜೊತೆ ನಿಧಾನವಾಗಿ ಆಡುವ ಮಾತು, ಅನುಭವವುಳ್ಳ ಚಿಕಿತ್ಸಕರ ಮುಂದೆ ಆಡುವ ಮಾತು, ಈ ಗಾಯಕ್ಕೆ ಹೆಚ್ಚು ಹಿತ.

(ಆಗ ಚಪ್ಪಾಳೆ ತಟ್ಟಿ, ದೀಪ ಹಚ್ಚಿ, ಯೋಧರು ಎಂದು ಕರೆದ ಸಮಾಜವೇ ಕೆಲವೆಡೆ ನರ್ಸ್‌ಗಳಿಗೆ ಬಾಡಿಗೆ ಮನೆ ಖಾಲಿ ಮಾಡಲು ಹೇಳಿತು. ಹಲ್ಲೆಗಳನ್ನು ತಡೆಯಲು ಕೇಂದ್ರ ಸರ್ಕಾರ 2020ರ ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಯೋಧ ಎಂಬ ಬಿರುದು ಹೊತ್ತವರಿಗೆ ಹೆದರಿಕೆಯಾಗುತ್ತಿದೆ ಎಂದು ಹೇಳಿಕೊಳ್ಳುವುದು ಇನ್ನಷ್ಟು ಕಷ್ಟ.)

ಬರ್ನೌಟ್ ಎಂಬ ಮಾತನ್ನೂ ನೀವು ಕೇಳಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ ಇದನ್ನು ಕಾಯಿಲೆಯೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಹೇಳುತ್ತದೆ: ಶಕ್ತಿ ಬತ್ತಿಹೋಗುವುದು, ಕೆಲಸದ ಬಗ್ಗೆ ತಿರಸ್ಕಾರ ಅಥವಾ ದೂರತನ, ಕೆಲಸ ಮಾಡುವ ಸಾಮರ್ಥ್ಯ ಕುಗ್ಗಿದ ಭಾವನೆ. ಕಾರಣ ಕೆಲಸದ ವ್ಯವಸ್ಥೆಯಲ್ಲಿರುವುದರಿಂದ ಪರಿಹಾರವೂ ಬಹುಮಟ್ಟಿಗೆ ಅಲ್ಲೇ ಆಗಬೇಕು. ನಿಮ್ಮ ಪತ್ನಿಗೆ ಇದೂ ಇರಬಹುದು, ಆದರೆ ಇದೊಂದೇ ಆಗಿದ್ದರೆ ಶಬ್ದಕ್ಕೆ ಬೆಚ್ಚುವುದಿರುತ್ತಿರಲಿಲ್ಲ.

ಚಿಕಿತ್ಸೆಯ ವಿಷಯಕ್ಕೆ ಬರುತ್ತೇನೆ. ಮೊದಲ ಭೇಟಿಯಲ್ಲಿ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆಗಳನ್ನೂ ಮಾಡಿಸಿಕೊಳ್ಳಲಿ. ಈ ವಯಸ್ಸಿನ ಮಹಿಳೆಯರಲ್ಲಿ ಇವುಗಳ ಏರುಪೇರು ಆಯಾಸ, ಎದೆಬಡಿತ, ಬೇಸರವನ್ನು ಹೆಚ್ಚಿಸುತ್ತದೆ. ಪಿಟಿಎಸ್‌ಡಿ ಎಂದು ಖಚಿತವಾದರೆ ಮುಖ್ಯ ಚಿಕಿತ್ಸೆ ಆಘಾತ ಕೇಂದ್ರಿತ ಮಾತಿನ ಚಿಕಿತ್ಸೆ. ಸಾಮಾನ್ಯವಾಗಿ 8ರಿಂದ 12 ಭೇಟಿಗಳಲ್ಲಿ, ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಆ ನೆನಪುಗಳನ್ನು ಸುರಕ್ಷಿತವಾಗಿ, ಹಂತಹಂತವಾಗಿ ಎದುರಿಸಲು ಕಲಿಸುತ್ತಾರೆ. ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಎಂಬ ವಿಧಾನಕ್ಕೂ ಆಧಾರವಿದೆ. ಅಗತ್ಯವಿದ್ದರೆ ಖಿನ್ನತೆ, ಆತಂಕ ಇಳಿಸುವ ಸರ್ಟ್ರಲೀನ್‌ನಂಥ ಮಾತ್ರೆಗಳನ್ನು ಕೊಡುತ್ತಾರೆ. ಅವುಗಳ ಪರಿಣಾಮ ಕಾಣಲು ಕೆಲವು ವಾರಗಳು ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದು, ತಳಮಳ ಆಗುವುದುಂಟು. ಆ ಕಾರಣಕ್ಕೆ ಅರ್ಧಕ್ಕೆ ಬಿಡಬಾರದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಲ್ಲಿ ಕೆಲವರು ತಮಗೆ ತಾವೇ ಔಷಧ ಬರೆದುಕೊಳ್ಳುತ್ತಾರೆ. ನೈಟ್ ಡ್ಯೂಟಿ ಮುಗಿಸಿ ಬಂದು ಹಗಲಿನ ಸೆಕೆಯಲ್ಲಿ ನಿದ್ರೆ ಹತ್ತದಿದ್ದಾಗ ಆತಂಕ ಇಳಿಸಿ ನಿದ್ರೆ ತರಿಸುವ ಅಲ್ಪ್ರಜೋಲಂ ಮಾತ್ರೆಯೊಂದನ್ನು ನುಂಗುವುದು ಸುಲಭ. ಈ ಗುಂಪಿನ ಮಾತ್ರೆಗಳು ಪಿಟಿಎಸ್‌ಡಿಯನ್ನು ಗುಣಪಡಿಸುವುದಿಲ್ಲ, ಬೇಗನೆ ಅಭ್ಯಾಸವಾಗುತ್ತವೆ, ಥಟ್ಟನೆ ನಿಲ್ಲಿಸಿದರೆ ಆತಂಕ ಇಮ್ಮಡಿಸುತ್ತದೆ. ನಿಮ್ಮ ಪತ್ನಿ ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಬೈಯಬೇಡಿ, ತಾವಾಗಿ ನಿಲ್ಲಿಸಲೂ ಬೇಡ. ವೈದ್ಯರಿಗೆ ನಿಜ ಹೇಳಿದರೆ ಅವರು ನಿಧಾನವಾಗಿ ಇಳಿಸುತ್ತಾರೆ.

ನೋಂದಣಿಯ ಭಯಕ್ಕೆ ಆಧಾರವಿಲ್ಲ. ಮಾನಸಿಕ ಚಿಕಿತ್ಸೆ ಪಡೆದ ಮಾತ್ರಕ್ಕೆ ನರ್ಸಿಂಗ್ ನೋಂದಣಿ ರದ್ದಾಗುವುದಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ವಿಧಿ ಚಿಕಿತ್ಸೆಯ ಮಾಹಿತಿ ಗೌಪ್ಯವಾಗಿರುವ ಹಕ್ಕನ್ನು ಕೊಡುತ್ತದೆ. ಇದಕ್ಕೆ ವಿನಾಯಿತಿಗಳು ಬೆರಳೆಣಿಕೆಯಷ್ಟು, ಇನ್ನೊಬ್ಬರಿಗೆ ಹಾನಿಯಾಗುವುದನ್ನು ತಡೆಯುವಂಥ ಸಂದರ್ಭಗಳಿಗೆ ಸೀಮಿತ. ಹಿಂದೊಮ್ಮೆ ಚಿಕಿತ್ಸೆ ಪಡೆದಿದ್ದರು ಎಂಬುದೊಂದೇ ಕಾರಣಕ್ಕೆ ಈಗ ಮಾನಸಿಕ ಕಾಯಿಲೆ ಇದೆ ಎಂದು ತೀರ್ಮಾನಿಸುವಂತಿಲ್ಲ ಎಂದೂ ಕಾಯ್ದೆ ಹೇಳುತ್ತದೆ. ಆದರೆ ಕಾಯ್ದೆ ಒಂದು ಕಡೆ, ಕ್ಯಾಂಟೀನಿನ ಮಾತು ಇನ್ನೊಂದು ಕಡೆ. ಆದ್ದರಿಂದ ತಮ್ಮದೇ ಆಸ್ಪತ್ರೆಯ ಒಪಿಡಿಯ ಮುಂದೆ ಕುಳಿತುಕೊಳ್ಳಲು ಅವರು ಹಿಂಜರಿದರೆ ಒತ್ತಾಯಿಸಬೇಡಿ. ಮಂಗಳೂರಿನಲ್ಲಿ ಕೆಲಸ ಮಾಡುವವರು ಉಡುಪಿ, ಮಣಿಪಾಲದ ಕಡೆ ತೋರಿಸಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ, ವೈದ್ಯಕೀಯ ಕಾಲೇಜುಗಳು ನಮ್ಮಲ್ಲಿ ಬೇಕಷ್ಟಿವೆ. ಮೊದಲು ಮುಖ ತೋರಿಸದೆ ಮಾತಾಡಬೇಕು ಎನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ.

ಅಮ್ಮನ ಮಾತನ್ನು ಹಗುರವಾಗಿ ತಳ್ಳಬೇಡಿ. ಸೊಸೆ ಕಷ್ಟದಲ್ಲಿದ್ದಾಳೆ ಎಂದು ಮನೆಯಲ್ಲಿ ಗಟ್ಟಿಯಾಗಿ ಹೇಳಿದವರು ಅವರೇ ಇರಬಹುದು. ಪ್ರಶ್ನೆ ಇಡಿಸುವುದಕ್ಕೋ ದೈವಕ್ಕೆ ಹರಕೆ ಹೇಳಿಕೊಳ್ಳುವುದಕ್ಕೋ ನನ್ನ ಆಕ್ಷೇಪವಿಲ್ಲ, ನಿಮ್ಮ ಪತ್ನಿಗೆ ಅದರಲ್ಲಿ ಮನಸ್ಸಿದ್ದರೆ ಮಾತ್ರ. ಪರಿಹಾರದ ಪಟ್ಟಿ ಮುಗಿಯಲಿ ಎಂದು ಚಿಕಿತ್ಸೆಯನ್ನು ಮುಂದೂಡುವುದು ಬೇಡ. ಎಲ್ಲಕ್ಕಿಂತ ಹೆಚ್ಚಾಗಿ, ನಿಮ್ಮ ಪತ್ನಿಯಿಂದ ಏನೋ ದೋಷವಾಗಿದೆ ಎಂಬ ಅರ್ಥ ಹೊರಡುವ ಮಾತು ಅಲ್ಲಿ ಬಂದರೆ, ಮೊದಲೇ ತಪ್ಪಿತಸ್ಥ ಭಾವದಲ್ಲಿರುವವರಿಗೆ ಅದು ನಿಜವಾದ ಹಾನಿ ಮಾಡುತ್ತದೆ.

ಕಡ್ಡಾಯ ಕೌನ್ಸೆಲಿಂಗ್ ಸಭೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ನಡೆದದ್ದನ್ನು ಒಂದೇ ಬಾರಿಗೆ ಹೇಳಿಸಿ ಕಳುಹಿಸುವ ಪದ್ಧತಿಯಿಂದ ಪಿಟಿಎಸ್‌ಡಿ ತಡೆಯಲಾಗುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದವರು ಕಂಡುಕೊಂಡಿದ್ದಾರೆ. ಬ್ರಿಟನ್ನಿನ ಅಧಿಕೃತ ಚಿಕಿತ್ಸಾ ಮಾರ್ಗಸೂಚಿ ಇದನ್ನು ಮಾಡಬೇಡಿ ಎಂದೇ ಹೇಳುತ್ತದೆ. ಸಭೆ ಮಾಹಿತಿ ನೀಡುವುದಕ್ಕಷ್ಟೇ ಆಗಿದ್ದರೆ ಹೋಗಿ ಕುಳಿತು ಬರಲಿ. ಎಲ್ಲರೂ ತಮ್ಮ ಅನುಭವ ಹೇಳಲೇಬೇಕು ಎಂದಾದರೆ, “ನಾನು ಬೇರೆ ಕಡೆ ಮಾತಾಡುತ್ತಿದ್ದೇನೆ” ಎಂಬ ಒಂದು ವಾಕ್ಯ ಸಾಕು. ಆಡಳಿತದವರಿಗೆ ನಿಜವಾಗಿ ಸಹಾಯ ಮಾಡುವ ಮನಸ್ಸಿದ್ದರೆ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ ನೋಡಲಿ. ಹೆಚ್ಚು ಒತ್ತಡದ ವಾರ್ಡಿನವರನ್ನು ಸರದಿಯಲ್ಲಿ ಕಡಿಮೆ ಒತ್ತಡದ ಕಡೆಗೆ ಹಾಕಬೇಕು, ಹೊಸಬರನ್ನು ಅನುಭವಿಗಳ ಜೊತೆ ಜೋಡಿ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ ಹೇಳಿತ್ತು. ನೈಟ್ ಮುಗಿಸಿದವರಿಗೆ ಮರುದಿನವೇ ಮತ್ತೆ ಕರೆ ಹೋಗದಿರುವುದು, ಕೂತು ಉಣ್ಣಲು ಒಂದು ಕೋಣೆ, ಸಾವು ಹೆಚ್ಚಾದ ದಿನ ಇನ್‌ಚಾರ್ಜ್ ಸಿಸ್ಟರ್ ಬಂದು ಐದು ನಿಮಿಷ ವಿಚಾರಿಸುವುದು, ಇವು ಯೋಗ ಶಿಬಿರಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ವಾರ್ಡಿನ ಆಯಾಗಳು, ಆಂಬುಲೆನ್ಸ್ ಚಾಲಕರು, ಶವಾಗಾರದವರು, ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆಯರು ಇಂಥ ಯಾವ ಸಭೆಯ ಪಟ್ಟಿಯಲ್ಲೂ ಇರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಮನೆಯಲ್ಲಿ ನೀವು ಮಾಡಬಹುದಾದದ್ದು ಹೆಚ್ಚಿನಂಶ ಕೆಲಸದ ಹಂಚಿಕೆ. ನೈಟ್ ಮುಗಿಸಿ ಬಂದ ದಿನ ಅಡುಗೆ, ಮಕ್ಕಳ ಶಾಲೆ, ಬಂದವರ ಉಪಚಾರ ಅವರ ಮೇಲೆ ಬೀಳದಂತೆ ನೋಡಿಕೊಳ್ಳಿ. ಮಲಗುವ ಕೋಣೆಯನ್ನು ಕತ್ತಲಾಗಿಸಿ, ಮೊಬೈಲನ್ನು ಹೊರಗಿಡಿ. “ಕೋವಿಡ್ ಮುಗಿದು ಎಷ್ಟು ವರ್ಷವಾಯಿತು” ಎಂಬ ಮಾತನ್ನು ಯಾರೂ ಆಡದಿರಲಿ. ಮದುವೆಗೆ ಬಾರದಿದ್ದರೆ ಬಿಡಿ, ಆದರೆ ಆಪ್ತರಾದ ಒಬ್ಬಿಬ್ಬರ ಮನೆಗೆ ಹೋಗಿಬರುವ ಅಭ್ಯಾಸ ತಪ್ಪದಿರಲಿ.

ಇನ್ನೊಂದು ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಬದುಕುವುದು ಬೇಡ ಎಂದು ಯಾವಾಗಲಾದರೂ ಅನಿಸುತ್ತದೆಯೇ ಎಂದು ಅವರನ್ನು ನೇರವಾಗಿ, ಮೆತ್ತಗೆ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಔಷಧಗಳ ಅರಿವು ಮತ್ತು ಲಭ್ಯತೆ ಎರಡೂ ಇರುವ ವೃತ್ತಿಯವರಲ್ಲಿ ಈ ಎಚ್ಚರ ಹೆಚ್ಚು ಬೇಕು. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಇಂಜೆಕ್ಷನ್, ಮಾತ್ರೆಗಳನ್ನು ತೆಗೆದಿಡಿ, ಅಂದೇ ವೈದ್ಯರಿಗೆ ತೋರಿಸಿ.

ಕೆಲಸ ಬಿಡುವ ಮಾತಿಗೆ ಬಂದರೆ, ನಿಪಾ ಬಗ್ಗೆ ಅವರ ಭಯ ಕಾಲ್ಪನಿಕವಲ್ಲ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್‌ನಲ್ಲಿ ಸೋಂಕು ಬಹುಪಾಲು ಹರಡಿದ್ದು ಆಸ್ಪತ್ರೆಗಳೊಳಗೆ, ರೋಗಿಯನ್ನು ನೋಡಿಕೊಂಡ ನರ್ಸ್ ಲಿನಿ ಪುದುಶ್ಶೇರಿ ಅದರಿಂದಲೇ ತೀರಿಕೊಂಡರು. ನಮ್ಮ ಜಿಲ್ಲೆಯಲ್ಲಿ ಕೇರಳದ ನರ್ಸ್‌ಗಳು ಎಷ್ಟೊಂದು ಮಂದಿ ಇರುವುದರಿಂದ ಆ ಹೆಸರು ಇಲ್ಲಿನ ಡ್ಯೂಟಿ ಕೋಣೆಗಳಲ್ಲಿ ಎಲ್ಲರಿಗೂ ಗೊತ್ತು. ಆದರೂ ಚಿಕಿತ್ಸೆ ಶುರುವಾಗುವ ಮೊದಲು ರಾಜೀನಾಮೆ ಕೊಡುವುದು ಬೇಡ ಎಂದು ನನ್ನ ಸಲಹೆ. ಖಿನ್ನತೆ ಇರುವಾಗ ಎಲ್ಲ ದಾರಿಯೂ ಮುಚ್ಚಿದಂತೆ ಕಾಣುತ್ತದೆ, ಜೊತೆಗೆ ಹೆದರಿದ ಜಾಗವನ್ನು ಪೂರ್ತಿಯಾಗಿ ಬಿಟ್ಟುಬಿಟ್ಟರೆ ಆ ಕ್ಷಣಕ್ಕೆ ಹಗುರವೆನಿಸಿ ಮುಂದೆ ಭಯ ಗಟ್ಟಿಯಾಗುತ್ತದೆ. ಮಧ್ಯದ ದಾರಿಯೊಂದಿದೆ. ಮೂರರಿಂದ ಆರು ತಿಂಗಳ ಕಾಲ ಐಸಿಯು ಮತ್ತು ಪ್ರತ್ಯೇಕ ವಾರ್ಡುಗಳಿಂದ ಬಿಡುಗಡೆ ಕೊಟ್ಟು, ಒಪಿಡಿ ಅಥವಾ ಲಸಿಕೆ ವಿಭಾಗದಲ್ಲಿ ಹಗಲು ಡ್ಯೂಟಿ ಕೊಡುವಂತೆ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೆ ಬರೆದು ಕೇಳಬಹುದು. ಚಿಕಿತ್ಸೆ ನೀಡುವ ವೈದ್ಯರು ಪ್ರಮಾಣಪತ್ರದಲ್ಲಿ ಕಾಯಿಲೆಯ ಹೆಸರನ್ನು ಬರೆಯದೆ, “ವೈದ್ಯಕೀಯ ಕಾರಣಕ್ಕೆ ಇಂತಿಷ್ಟು ಅವಧಿಗೆ ಇಂಥ ಡ್ಯೂಟಿ ಬೇಡ” ಎಂದಷ್ಟೇ ಬರೆದುಕೊಡಬಲ್ಲರು, ಹಾಗೆ ಕೇಳಿಕೊಳ್ಳಿ. ಅವಧಿ ಮುಗಿಯುವಾಗ ವೈದ್ಯರ ಜೊತೆ ಕುಳಿತು, ಮರಳುವುದಾದರೆ ಮೊದಲು ವಾರಕ್ಕೆ ಒಂದೆರಡು ಶಿಫ್ಟ್ ಮಾತ್ರ ಎಂದು ನಿಗದಿ ಮಾಡಿಕೊಳ್ಳಬಹುದು. ಸಾಧ್ಯವಾದರೆ ಆ ಮರಳುವ ತಿಂಗಳು ಏಪ್ರಿಲ್–ಮೇ ಆಗದಂತೆ ನೋಡಿಕೊಳ್ಳಿ. ಅಷ್ಟಾದ ಮೇಲೂ ಈ ಕೆಲಸ ಬೇಡ ಎಂದು ಅವರಿಗೆ ಅನಿಸಿದರೆ, ಅದು ಭಯ ಮಾಡಿಸಿದ ತೀರ್ಮಾನವಲ್ಲ, ಅವರದೇ ತೀರ್ಮಾನ. ಆಗ ನೀವು ಮರುಮಾತಿಲ್ಲದೆ ಒಪ್ಪಿಕೊಳ್ಳಬಹುದು.